ಇಪ್ಪತ್ತೊಂದನೇ ಜೊತೆ

ನಮ್ಮತ್ತೆ ಹೆಣೆದ ಗೊಂಬೆಗಳಿಗೆ ಕಣ್ಣಿರುತ್ತಿರಲಿಲ್ಲ. ಕಿವಿ, ಸೊಂಡಿಲು, ಬಾಲ, ಬಾಲದ ತುದಿಯ ಕುಚ್ಚು, ಎಲ್ಲ ಇರುತ್ತಿತ್ತು. ಕಣ್ಣಿನ ಜಾಗಕ್ಕೆ ಬಂದಾಗ ಮಾತ್ರ ಕ್ರೋಶಾ ಕಡ್ಡಿ ಕೆಳಗಿಟ್ಟು, "ಉಳಿದದ್ದು ನೀನು ನೋಡ್ಕೋ" ಅಂತ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಡುಮನೆಯ ಕಪಾಟಿನ ಮೇಲೆ ಹನ್ನೊಂದು ಕುರುಡು ಪ್ರಾಣಿಗಳು ಸಾಲಾಗಿ ಕೂತಿದ್ದವು. ಹಾಡುಹಗಲಲ್ಲೇ ಆ ಕೋಣೆಯಲ್ಲಿ ಒಬ್ಬಳೇ ಕೂತು ತರಕಾರಿ ಹೆಚ್ಚಲು ನನಗೆ ಆಗುತ್ತಿರಲಿಲ್ಲ. ಕಣ್ಣಿರುವ ಗೊಂಬೆ ನಮ್ಮನ್ನು ನೋಡಿದರೆ ನೋಡಿಕೊಳ್ಳಲಿ. ಕಣ್ಣೇ ಇಲ್ಲದ್ದು ನೋಡಿದ ಹಾಗೆ ಅನ್ನಿಸಿದರೆ ಯಾರಿಗೆ ಹೇಳುವುದು?

ಗಂಡನನ್ನು ಕೇಳಿದೆ. ಅವರು ಫ್ರಿಜ್ ರಿಪೇರಿ ಮಾಡುವವರು. ಊರವರ ಮನೆಯ ಯಂತ್ರ ಯಾಕೆ ಕೆಟ್ಟಿತು ಅಂತ ಬಿಚ್ಚಿ ನೋಡುವುದೇ ಕಸುಬು, ಸ್ವಂತ ಮನೆಯ ವಿಷಯಕ್ಕೆ ಮಾತ್ರ ಮುಚ್ಚಳಕ್ಕೆ ಕೈ ಹಾಕುವುದಿಲ್ಲ. ಅಮ್ಮ ಕಣ್ಣು ಹಾಕುವುದಿಲ್ಲ, ಅಷ್ಟೆ, ಕೇಳಲು ಹೋಗಬೇಡ ಅಂದರು. ಅವರು ಹುಟ್ಟುವ ಮುಂಚೆ ಒಬ್ಬ ಅಣ್ಣ ಇದ್ದನಂತೆ, ಒಂದೂವರೆ ವರ್ಷಕ್ಕೇ ಉಸಿರು ಕಟ್ಟಿ ಹೋದನಂತೆ. ಮನೆಯಲ್ಲಿ ಅವನಿಗೆ 'ದೊಡ್ಡವನು' ಅಂತಲೇ ಹೆಸರು. ಮೂವತ್ತೊಂಬತ್ತು ವರ್ಷದಿಂದ ಒಂದೂವರೆ ವರ್ಷದವನಾಗಿಯೇ ಇರುವ ದೊಡ್ಡವನು. ನಾನು ಬಾಯಿಬಡುಕಿ ಅಂತ ತವರಲ್ಲೇ ಹೆಸರು ತೆಗೆದುಕೊಂಡವಳು, ಆದರೂ ಅದರಾಚೆ ಕೇಳಲು ನಾಲಿಗೆ ಏಳಲಿಲ್ಲ.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ, ರಸ್ತೆಯ ಕಡೆಗೆ ಒಂದು ಶಟರ್, ಒಳಕ್ಕೆ ಒಂದು ಬಾಗಿಲು. ಮಾತು ಕಡಿಮೆ. ನೆಲ ನೋಡಿಕೊಂಡೇ ನಡೆಯುವ ಮನುಷ್ಯ. ಊಟಕ್ಕೆ ಒಳಗೆ ಬಂದರೆ ತಟ್ಟೆಯ ಮುಂದೆ ಕೂರುವಷ್ಟರಲ್ಲಿ ನಾಲ್ಕು ಸಲ ಬಗ್ಗಿ ಏನಾದರೂ ಹೆಕ್ಕುತ್ತಿದ್ದರು: ಗುಂಡುಸೂಜಿ, ಬೆಂಕಿಕಡ್ಡಿಯ ತುದಿ, ಕಾಳು, ಗುಂಡಿ. ಹೆಕ್ಕಿದ್ದೆಲ್ಲ ಅಂಗಿಯ ಜೇಬಿಗೆ. ಸಂಜೆ ಜೇಬಿನ ಕಸ ಬುಟ್ಟಿಗೆ, ಗುಂಡಿಗಳು ಅಂಗಡಿಯ ದೊಡ್ಡ ತಗಡಿನ ಡಬ್ಬಿಗೆ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಅಂದರೆ ಮುಂದಿನ ತಿಂಗಳು ಅನ್ನುತ್ತಿದ್ದರು. ಹೆಕ್ಕುವುದು ಮಾತ್ರ ಬಿಟ್ಟಿರಲಿಲ್ಲ, ಈಗ ಅಂಗೈ ಸವರಿಕೊಂಡು ಹೆಕ್ಕುತ್ತಿದ್ದರು. ನಮ್ಮ ಮನೆಗೆ ಕೋಳಿ ಸಾಕುವ ಖರ್ಚಿಲ್ಲ ಅಂತ ನಾನು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ.

ನನ್ನ ಮಗಳಿಗೆ ಆಗ ಹತ್ತು ತಿಂಗಳು. ಸಿಕ್ಕಿದ್ದನ್ನೆಲ್ಲ ಕಡಿಯುತ್ತಿದ್ದಳು ಅಂತ ಇಲಿಮರಿ ಅನ್ನುತ್ತಿದ್ದೆವು. ಅವಳು ಹುಟ್ಟಿದ ಮೇಲೆ ಔಷಧಿ ಅಂಗಡಿಯ ಕೆಲಸ ಬಿಟ್ಟು ಕೂತಿದ್ದ ನನಗೆ ಅತ್ತೆಯ ಹೆಣಿಗೆ ಕಂಡಿತು. ಅತ್ತೆ ಹೆಣೆಯುವುದು, ನಾನು ಕರಿ ಉಲ್ಲನ್ನಿನಲ್ಲಿ ಎರಡು ಚುಕ್ಕೆ ಹಾಕಿ ಕಣ್ಣು ಅಂತ ಕರೆದು ಮಾರುವುದು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಪಕ್ಕದ ಬೀದಿಯಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ಕೇಂದ್ರದ ಮೇಡಂ ಬಂದರು. ಇಪ್ಪತ್ತು ಆನೆ ಬೇಕು ಅಂದರು. ಚೆನ್ನಾಗಿ ಬಂದರೆ ಅವರ ಇನ್ನೂ ಮೂರು ಕೇಂದ್ರಗಳಿಗೆ ಬೇಕಾಗುತ್ತದಂತೆ. ಒಂದೇ ಷರತ್ತು: ಈ ಚುಕ್ಕೆ ಕಣ್ಣು ಬೇಡ, ಸತ್ತ ಹಾಗೆ ಕಾಣುತ್ತದೆ, ಹೊಳೆಯುವ ಕಣ್ಣು ಹಾಕಿ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಕುಣಿಯುತ್ತಲೇ ಹೇಳಿದೆ. ಅತ್ತೆ ಅನ್ನ ಬಡಿಸುತ್ತಿದ್ದರು. ಆ ಮನೆಯಲ್ಲಿ ಮಾವನಿಗೆ ಅತ್ತೆಯೇ ಬಡಿಸಬೇಕು, ಜ್ವರ ಬಂದಿದ್ದರೂ ಎದ್ದು ಬಡಿಸಿ ಮಲಗುತ್ತಿದ್ದರು. ಮಕ್ಕಳಿಗೆ ಎಷ್ಟು ವಯಸ್ಸು ಅಂತ ಕೇಳಿದರು. ಒಂದರಿಂದ ಮೂರು ಅಂದೆ. ಬಡಿಸುವ ಕೈ ನಿಂತಿತು.

"ಹಾಗಾದ್ರೆ ದಾರದ ಕಣ್ಣೇ. ಒಪ್ಪಿದ್ರೆ ಮಾಡೋಣ, ಇಲ್ಲಾಂದ್ರೆ ಬೇಡ."

"ಅತ್ತೆ, ಈಗ ಸೇಫ್ಟಿ ಕಣ್ಣು ಅಂತ ಬರತ್ತೆ. ಹಿಂದೆ ವಾಷರ್ ಇರತ್ತೆ. ಎಳೆದ್ರೂ ಬರಲ್ಲ."

"ಬರಲ್ಲ ಅಂತಾನೇ ಎಲ್ಲರೂ ಹಾಕೋದು."

ಆಮೇಲೆ ಮಾತಿಗೆ ಮಾತು ಬೆಳೆಯಿತು. ನನ್ನ ಕೈಗೆ ಬಂದ ಮೊದಲ ದೊಡ್ಡ ಕೆಲಸಕ್ಕೇ ಕಲ್ಲು ಹಾಕುತ್ತೀರಿ ಅಂದೆ. ಹಾಗಿದ್ದರೆ ನಿನ್ನ ಕೆಲಸ ನೀನೇ ಮಾಡಿಕೋ ಅಂದರು ಅತ್ತೆ. ಮಾವ ತಲೆ ತಗ್ಗಿಸಿ ಅನ್ನ ಕಲೆಸುತ್ತಲೇ ಇದ್ದರು, ಒಂದು ತುತ್ತೂ ಬಾಯಿಗೆ ಹೋಗಲಿಲ್ಲ. ಕೊನೆಗೆ ಗಂಡ ನಡುವೆ ಬಂದು, ಅಮ್ಮ ಆನೆ ಹೆಣೆಯಲಿ, ಕಣ್ಣಿನ ಜವಾಬ್ದಾರಿ ನಿನ್ನದು ಅಂತ ತೀರ್ಪು ಕೊಟ್ಟರು. ಅತ್ತೆ ಮಾರನೇ ದಿನದಿಂದ ಹೆಣೆಯಲು ಕೂತರು. ನನ್ನ ಜೊತೆ ಮಾತು ಬಿಟ್ಟರು.

ಗುಂಡಿ, ಲೇಸು, ಉಲ್ಲನ್ ಮಾರುವ ಅಂಗಡಿಯ ಮುದುಕ ನನ್ನ ಮುಂದೆ ಏಳು ಥರದ ಕಣ್ಣು ಹರಡಿದ. ಕೆಲವಕ್ಕೆ ಬರೀ ಅಂಟು, ಅವನ್ನು ಮುಟ್ಟಲೂಬೇಡಿ ಅಂದ. ಕೆಲವು ತೂತಿನ ಗುಂಡಿ, ಹೊಲಿಯುವಂಥವು. ಸೇಫ್ಟಿ ಕಣ್ಣಿನ ಹಿಂದೆ ಒಂದು ಪುಟ್ಟ ಕಡ್ಡಿ, ಕಡ್ಡಿಯ ಮೇಲೆ ಏಣಿ ಮೆಟ್ಟಿಲಿನ ಹಾಗೆ ಗೀರುಗಳು. ಹೊಟ್ಟೆಗೆ ಹತ್ತಿ ತುಂಬುವ ಮುಂಚೆ ಕಡ್ಡಿಯನ್ನು ಹೆಣಿಗೆಯೊಳಗೆ ತೂರಿಸಿ, ಒಳಗಿನಿಂದ ವಾಷರ್ ಒತ್ತಬೇಕು. ಟಕ್ ಅಂದರೆ ಕೂತಿತು ಅಂತ ಅರ್ಥ, ಆಮೇಲೆ ದೇವರು ಬಂದರೂ ಬಿಚ್ಚಲಾಗದು. ವಾಷರಿನ ಉಬ್ಬಿದ ಮುಖ ತಿರುವುಮುರುವಾದರೆ ಮಾತ್ರ ಕಚ್ಚುವುದಿಲ್ಲ, ಹುಷಾರು ಅಂದ. ನಾನು ಹೊಳೆಯುವ ಕರಿಯದ್ದು ಆರಿಸಿದೆ. ಯಾವ ವಯಸ್ಸಿನ ಮಕ್ಕಳಿಗೆ ಅಂತ ಅವನೂ ಕೇಳಿದ.

"ಮೂರರ ಒಳಗಿನವರಿಗಾದ್ರೆ ನಾನಾಗಿದ್ರೆ ದಾರದಲ್ಲೇ ಮಾಡ್ತಿದ್ದೆ ಕಣಮ್ಮ. ಕಣ್ಣು ಗಟ್ಟಿ ಇರತ್ತೆ. ಹೆಣಿಗೆ ಹಿಗ್ಗತ್ತಲ್ಲ, ಮಗು ಕಚ್ಚಿ ಎಳೆದ್ರೆ ವಾಷರ್ ಸಮೇತ ಬಂದುಬಿಡತ್ತೆ."

ಪೊಟ್ಟಣದ ಮೇಲೂ ಇರುವೆಯಂಥ ಅಕ್ಷರದಲ್ಲಿ ಅದನ್ನೇ ಬರೆದಿತ್ತು. ನಾನು ಓದಿದೆ, ಸುಳ್ಳು ಯಾಕೆ ಹೇಳಲಿ. ನಮ್ಮತ್ತೆಯ ಹೆಣಿಗೆ ನೀರು ಸೋರದಷ್ಟು ಬಿಗಿ, ಹಿಗ್ಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇಪ್ಪತ್ತು ಜೊತೆ ಬೇಕಿತ್ತು, ಒಂದು ಮುರಿದರೆ ಇರಲಿ ಅಂತ ಇಪ್ಪತ್ತೊಂದು ತಂದೆ.

ಎರಡು ವಾರ ಅತ್ತೆ ಹೆಣೆಯುತ್ತ ಹೋದರು, ನಾನು ಹಿಂದಿನಿಂದ ಕಣ್ಣು ಕೂರಿಸುತ್ತ ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ, ಇಲಿಮರಿ ನಿದ್ದೆ ಹೋದಾಗ ಮಾತ್ರ. ಟಕ್, ಟಕ್. ಅತ್ತೆ ಪ್ರತಿ ಟಕ್ಕಿಗೂ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲಿಸುತ್ತಿದ್ದರು. ನಾನು ಕಣ್ಣು ಎಳೆದು ನೋಡಿ ಪಕ್ಕಕ್ಕಿಟ್ಟ ಆನೆಯನ್ನು ನಾನಿಲ್ಲದಾಗ ಅವರೂ ಎಳೆದು ನೋಡುತ್ತಿದ್ದರು. ಒಮ್ಮೆ ಬಾಗಿಲ ಸಂದಿಯಿಂದ ಕಂಡೆ. ಕಣ್ಣಿಗೆ ಬೆರಳು ತಾಗಿಸದೆ, ಬಟ್ಟೆಯ ತುದಿಯಿಂದ ಹಿಡಿದು ಎಳೆಯುತ್ತಿದ್ದರು.

ಕೊನೆಯ ಆನೆಯ ದಿನ ಇಲಿಮರಿ ನಡುವೆಯೇ ಎದ್ದಳು. ನಾನು ಹಾಲು ಬಿಸಿ ಮಾಡಿ ಬರುವಷ್ಟರಲ್ಲಿ ಅಂಬೆಗಾಲಿಟ್ಟು ಬಂದು ಕಣ್ಣಿನ ಬಟ್ಟಲು ಮಗುಚಿದ್ದಳು. ಬಾಯಲ್ಲಿ ಆನೆಯ ಬಾಲ ಇತ್ತು. ಬೈದು, ಎತ್ತಿಕೊಂಡು, ಚೆಲ್ಲಿದ್ದನ್ನೆಲ್ಲ ಬಾಚಿ ಬಟ್ಟಲಿಗೆ ತುಂಬಿದೆ. ಸಂಜೆ ಕೊನೆಯ ಜೊತೆ ಕೂರಿಸಿದ ಮೇಲೆ ಉಳಿದದ್ದು ನೋಡಿದೆ. ಇಪ್ಪತ್ತೊಂದನೇ ಜೊತೆಯ ಎರಡು ವಾಷರ್ ಇದ್ದವು. ಕಣ್ಣು ಒಂದೇ ಇತ್ತು.

ಚಾಪೆ ಕೊಡವಿದೆ. ಕಪಾಟಿನ ಕೆಳಗೆ ಕೈ ಹಾಕಿದೆ. ಇಪ್ಪತ್ತು ಆನೆಯ ಕಣ್ಣು ಮೂರು ಸಲ ಎಣಿಸಿದೆ, ಸರಿಯಾಗಿ ನಲವತ್ತು. ಯಾರಿಗೂ ಹೇಳದೆ ಹುಡುಕುತ್ತಿದ್ದೆ, ಆದರೆ ನೆಲದಲ್ಲಿ ಮಂಡಿಯೂರಿದವಳನ್ನು ನೋಡಿದರೆ ಆ ಮನೆಯಲ್ಲಿ ವಿವರಣೆ ಬೇಕಾಗುವುದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, ಎಷ್ಟು ಕಡಿಮೆ ಅಂತ ಮಾತ್ರ ಕೇಳಿದರು. ಒಂದು ಅಂದೆ. ಅವರು ಓಡಿಹೋಗಿ ಮಗುವನ್ನು ಎತ್ತಿ, ಕವುಚಿ ಹಿಡಿದು, ಬಾಯೊಳಗೆ ಬೆರಳು ಹಾಕಿದರು. ಮಗು ಕಿರುಚಿತು. ಏನೂ ಸಿಗಲಿಲ್ಲ. ಅವಳು ಆಟ ಅಂದುಕೊಂಡು ಆಮೇಲೆ ನಕ್ಕಳು ಕೂಡ. ಅತ್ತೆಯ ಮುಖ ಸುಣ್ಣದ ಗೋಡೆಯ ಹಾಗೆ ಆಗಿತ್ತು.

ಡಾಕ್ಟರ ಹತ್ತಿರ ಹೋದೆವು. ಉಸಿರು ಸರಿ ಇದೆ, ಹಾಲು ಕುಡಿಯುತ್ತಿದ್ದಾಳೆ, ಪ್ಲಾಸ್ಟಿಕ್ ಆದ್ದರಿಂದ ಎಕ್ಸ್-ರೇಯಲ್ಲಿ ಕಾಣದೆ ಹೋಗಬಹುದು, ನುಂಗಿದ್ದರೆ ಬಹುಮಟ್ಟಿಗೆ ತಾನೇ ಕೆಳಗೆ ಹೋಗುತ್ತದೆ, ಕಕ್ಕಸು ನೋಡುತ್ತಿರಿ, ಕೆಮ್ಮು ವಾಂತಿ ಬಂದರೆ ಆ ಕ್ಷಣವೇ ಬನ್ನಿ ಅಂದರು. ಕಳಿಸಿಬಿಟ್ಟರು. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ ಅಂತ ಗಾದೆ ಕೇಳಿದ್ದೆ, ಅದರ ರುಚಿ ಆ ವಾರ ಗೊತ್ತಾಯಿತು.

ಮೂರು ದಿನ ಅತ್ತೆ ಮಗುವಿನ ಒಂದೊಂದು ಲಂಗೋಟಿಯನ್ನೂ ಹಿತ್ತಲಿನ ನಲ್ಲಿಯ ಕೆಳಗೆ, ಹಳೆಯ ಜರಡಿಯಲ್ಲಿ ತೊಳೆದು ಸೋಸಿದರು. ನನಗೆ ಬಿಡಲಿಲ್ಲ. ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳಲಿಲ್ಲ. ಸೋಸಿ, ಕಡ್ಡಿಯಲ್ಲಿ ಬಿಡಿಸಿ ನೋಡಿ, ಇಲ್ಲ ಅಂತ ತಲೆಯಾಡಿಸಿ, ಕೈ ತೊಳೆದು ಬಂದು ಮಾವನಿಗೆ ಬಡಿಸುತ್ತಿದ್ದರು. ಮಗು ಕೆಮ್ಮಿದರೆ ನಾಲ್ಕೂ ಜನ ಒಟ್ಟಿಗೆ ಏಳುತ್ತಿದ್ದೆವು. ಟೇಬಲ್ ಮೇಲೆ ಇಪ್ಪತ್ತು ಆನೆಗಳು ಹೊಳೆಯುವ ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದವು. ನಾನು ಅವುಗಳ ಮೇಲೆ ಬೆಡ್‌ಶೀಟ್ ಹೊದಿಸಿದೆ. ಹೊದಿಸಿದ ಮೇಲೆ ಇನ್ನೂ ಹೆದರಿಕೆಯಾಯಿತು.

ಎರಡನೇ ದಿನ ನಲ್ಲಿಯ ಹತ್ತಿರ ನಾನು ಅತ್ತು, ನಿಮ್ಮ ಮಾತು ಕೇಳಬೇಕಿತ್ತು ಅಂದೆ. ಅತ್ತೆ ಜರಡಿಯಿಂದ ತಲೆ ಎತ್ತಲಿಲ್ಲ. ಅಲ್ಲಿಯೇ, ನೀರು ಬಿಟ್ಟುಕೊಂಡೇ ಹೇಳಿದರು.

"ದೊಡ್ಡವನಿಗೆ ಒಂದು ಕರಡಿ ಮಾಡಿದ್ದೆ. ನಿಮ್ಮ ಮಾವನ ಅಂಗಡಿಯಿಂದ ಎರಡು ಕರಿ ಗುಂಡಿ ತಂದು ಕಣ್ಣಿಗೆ ಹಾಕಿದ್ದೆ. ಕೆಂಪು ದಾರದಲ್ಲಿ, ಚೆಂದ ಕಾಣ್ಲಿ ಅಂತ. ಅದರದ್ದೇ ಒಂದು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾನು ಗಂಟು ಸರಿ ಹಾಕಿರ್ಲಿಲ್ಲ."

"ಗೊತ್ತಿದ್ದು ಮಾಡಿದ್ದಾ ಅತ್ತೆ?"

"ಹೆತ್ತ ಕೈಯೇ ಕೊಂದಿತು ಅಂದ್ರು ನನ್ನತ್ತೆ, ಬಂದವರೆಲ್ಲರ ಮುಂದೆ. ಸುಳ್ಳಲ್ಲವಲ್ಲ. ಈ ಕೈಲಿ ಮತ್ತೆ ಕಣ್ಣು ಹಾಕಲ್ಲ ಅಂತ ಅವತ್ತೇ ಅಂದ್ಕೊಂಡೆ."

ಹಾಗಾದರೆ ಗೊಂಬೆ ಯಾಕೆ ಹೆಣೆಯುತ್ತೀರಿ ಅಂತ ಕೇಳಿದೆ. ಕೈ ಸುಮ್ಮನಿರುವುದಿಲ್ಲ ಅಂದರು. ಜರಡಿ ಕೊಡವಿ, ಗೋಡೆಗೆ ಒರಗಿಸಿ ಒಳಗೆ ಹೋದರು.

ಆ ಮೂರು ದಿನವೂ ಮಾವನ ಶಟರ್ ಅರ್ಧ ಇಳಿದಿತ್ತು. ಒಳಗಿನಿಂದ ಹೊಲಿಗೆ ಯಂತ್ರದ ಸದ್ದಿಲ್ಲ. ಗುಂಡಿಗಳನ್ನು ಸುರಿಯುವ ಸದ್ದು, ಕೈಯಾಡಿಸುವ ಸದ್ದು, ಮತ್ತೆ ಡಬ್ಬಿಗೆ ತುಂಬುವ ಸದ್ದು. ಜೇಬು ನೋಡಿಕೊಂಡಿರಾ ಅಂತ ಗಂಡ ಮೊದಲ ದಿನವೇ ಕೇಳಿದ್ದರು. ನೋಡಿದೆ, ಇಲ್ಲ ಅಂದಿದ್ದರು. ಡಬ್ಬಿ ಕೊಡಿ, ನಾವು ನೋಡುತ್ತೇವೆ ಅಂದಾಗ, ಬೇಡ, ನಾನೇ ನೋಡುತ್ತಿದ್ದೇನೆ ಅಂತ ಶಟರಿನ ಒಳಗೆ ಹೋಗಿದ್ದರು. ಪೊರೆ ಬಂದ ಕಣ್ಣಲ್ಲಿ ಸಾವಿರ ಗುಂಡಿಯ ನಡುವೆ ಏನು ಹುಡುಕುತ್ತಾರೆ, ಮುದುಕರ ಹಟ ಅಂತ ನಾನು ಗೊಣಗಿದೆ.

ನಾಲ್ಕನೇ ದಿನ ಬೆಳಿಗ್ಗೆ ಮಗುವಿಗೆ ಸ್ವಲ್ಪ ಕೆಮ್ಮು. ಬರೀ ನೆಗಡಿಯೂ ಇರಬಹುದು. ಅತ್ತೆ ಮಗುವನ್ನು ಭುಜಕ್ಕೆ ಹಾಕಿಕೊಂಡು, ಇವಳೂ ಹೋಗುತ್ತಾಳೆ, ಇವಳೂ ಹೋಗುತ್ತಾಳೆ ಅಂತ ಅದೇ ಮಾತು ಹೇಳುತ್ತ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದರು. ಗಂಡ ಆಸ್ಪತ್ರೆಗೆ ಹೊರಡಲು ಗಾಡಿ ತೆಗೆಯುತ್ತಿದ್ದರು. ಆಗ ಅಂಗಡಿಯ ಬಾಗಿಲು ತೆರೆಯಿತು. ಮಾವ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ಅತ್ತೆಯ ಮುಂದೆ ಚಾಪೆಯ ಮೇಲೆ ಇಟ್ಟರು. ಬೇಕಿದ್ದರೆ ಅವರು ಆ ಡಬ್ಬಿಯೊಳಗಿನ ಒಂದು ಹಳೆಯ ಗುಂಡಿಯನ್ನು ಮೊದಲೇ ತೆಗೆದು ಬಚ್ಚಿಡಬಹುದಿತ್ತು, ಬೆರಳಿಗೇ ಗೊತ್ತಾಗುವಂಥದ್ದು ಅದು. ಯಾಕೆ ಬಚ್ಚಿಡಲಿಲ್ಲ ಅಂತ ನಾನು ಇಂದಿಗೂ ಕೇಳಿಲ್ಲ.

"ನನಗೆ ಕಾಣಲ್ಲ" ಅಂದರು. "ನೀನೇ ನೋಡು."

ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು ಡಬ್ಬಿ ಸುರಿದರು. ಅಂಗಿಯವು, ಕೋಟಿನವು, ಒಡೆದವು, ಹಿತ್ತಾಳೆಯವು, ಚಾಪೆ ತುಂಬ. ಕರಿಯ ಗುಂಡಿಗಳನ್ನೆಲ್ಲ ಒಂದು ಕಡೆ ತಳ್ಳಿ ಅದರಲ್ಲಿ ಬೆರಳಾಡಿಸಿದರು. ಕಡ್ಡಿಯಿರುವ ಕಣ್ಣು ಎರಡು ನಿಮಿಷದಲ್ಲಿ ಸಿಕ್ಕಿತು. ಮಗು ಬಟ್ಟಲು ಮಗುಚಿದ ದಿನ ಉರುಳಿಹೋದದ್ದನ್ನು ಮಾವ ಊಟಕ್ಕೆ ಬಂದಾಗ ಕೈಗೆ ತಾಗಿ ಹೆಕ್ಕಿದ್ದಾರೆ, ಜೇಬಿಗೆ ಹಾಕಿದ್ದಾರೆ, ಸಂಜೆ ಹಿಂದೆ ಕೊಂಡಿಯಿರುವ ಕೋಟಿನ ಗುಂಡಿ ಅಂದುಕೊಂಡು ಡಬ್ಬಿಗೆ ಸುರಿದಿದ್ದಾರೆ. ಅಷ್ಟೇ ಆದದ್ದು. ಯಾವ ಮಗುವಿನ ಗಂಟಲಲ್ಲೂ ಏನೂ ಸಿಕ್ಕಿಕೊಳ್ಳಬಾರದು ಅಂತ ಹೆಕ್ಕುತ್ತಿದ್ದ ಮನುಷ್ಯ ನಮ್ಮನ್ನು ನಾಲ್ಕು ದಿನ ಜೀವಂತ ಸುಟ್ಟಿದ್ದರು. ನಾನು ಮಗುವನ್ನು ಅಪ್ಪಿಕೊಂಡು ಜೋರಾಗಿ ಅತ್ತುಬಿಟ್ಟೆ. ಗಂಡ ಬಾಗಿಲ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಅತ್ತೆ ಮಾತ್ರ ಕೈ ನಿಲ್ಲಿಸಿರಲಿಲ್ಲ. ಅವರ ಬೆರಳಿಗೆ ಇನ್ನೊಂದು ಗುಂಡಿ ಸಿಕ್ಕಿತ್ತು. ಹಳೆಯದು, ಕರಿಯದು, ನಾಲ್ಕು ತೂತಿನದು. ತೂತುಗಳಲ್ಲಿ ದಾರ ಇನ್ನೂ ಇತ್ತು, ಹಿಂದೆ ಗಂಟೂ ಇತ್ತು. ಕಿತ್ತ ಜಾಗದಲ್ಲಿ ಕರಡಿಯ ಕಂದು ಉಲ್ಲನ್ನಿನ ಒಂದು ಎಳೆ ಗಂಟಿಗೆ ಸಿಕ್ಕಿಕೊಂಡು ಬಂದಿತ್ತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ದಾರ ಕರಿಯದು, ಮೇಣ ತಿಕ್ಕಿದ್ದು, ಕೋಟಿಗೆ ಹಾಕುವಂಥ ಗಟ್ಟಿ ದಾರ.

"ಇದು ನನ್ನ ದಾರ ಅಲ್ಲ" ಅಂದರು.

ಮಾವ ನಿಂತೇ ಇದ್ದರು.

"ನಂದು" ಅಂದರು.

ಆಮೇಲೆ ಹೇಳಿದರು, ನೆಲ ನೋಡಿಕೊಂಡೇ. "ಅವತ್ತು ಅಂಗಡೀಲಿ ನನ್ನ ಹತ್ರ ಇದ್ದ. ಒಂದು ಕಣ್ಣು ಸಡಿಲ ಆಗಿತ್ತು. ಎರಡನ್ನೂ ಬಿಚ್ಚಿ ಅಂಗಡಿ ದಾರದಲ್ಲಿ ಹೊಲಿದೆ, ಜೊತೆ ಒಂದೇ ಥರ ಇರ್ಲಿ ಅಂತ. ಇದಕ್ಕೆ ಗಂಟು ಹಾಕಿದೆ. ಇನ್ನೊಂದಕ್ಕೆ ಹಾಕೋಷ್ಟರಲ್ಲಿ ಅವನು ಅಳೋಕೆ ಶುರು ಮಾಡ್ದ, ಗಿರಾಕಿಗಳು ನಿಂತಿದ್ರು. ಸುತ್ತಿ ಕತ್ತರಿಸಿ ಕೊಟ್ಟುಬಿಟ್ಟೆ. ಆಮೇಲೆ ಹಾಕಿದ್ರಾಯ್ತು ಅಂತ. ಅವನು ಹೋದ ಮೇಲೆ ಕರಡಿಯಿಂದ ಇದನ್ನ ಕಿತ್ತು ಡಬ್ಬಿಗೆ ಹಾಕ್ಬಿಟ್ಟೆ, ನಿನ್ನ ಕಣ್ಣಿಗೆ ಬೀಳದ ಹಾಗೆ."

"ನಿಮ್ಮಮ್ಮ ನನ್ನ ಕೈ ಹಿಡಿದು ಎಲ್ಲರಿಗೂ ತೋರಿಸಿದಾಗ ನೀವಲ್ಲೇ ಇದ್ರಿ."

"ಇದ್ದೆ."

"ಇಷ್ಟು ವರ್ಷ ನಾನು ಬಡಿಸಿದ್ದು ತಿಂದ್ರಿ."

"ಅವತ್ತೇ ಹೇಳ್ಬೇಕಿತ್ತು. ಅವತ್ತು ಹೇಳದೇ ಇದ್ದಿದ್ದನ್ನ ಮಾರನೇ ದಿನ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಅತ್ತೆ ಅಳುತ್ತಾರೆ, ಕೂಗುತ್ತಾರೆ, ಡಬ್ಬಿ ಎತ್ತಿ ಎಸೆಯುತ್ತಾರೆ ಅಂತ ಕಾದೆ. ಅವರು ತಮ್ಮ ಎರಡೂ ಅಂಗೈಯನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡರು. ತುಂಬ ಹೊತ್ತು. ಮಗನಿಗೆ ಇಕ್ಕಳ ತಗೊಂಡು ಬಾ ಅಂದರು. ನನಗೆ ಕರಿ ದಾರ, ಬಿಳಿ ದಾರ, ದಪ್ಪ ಸೂಜಿ ಕೊಡು ಅಂದರು.

ಕೂರಿಸಿದ ಕಣ್ಣು ಬಿಚ್ಚಲಾಗದು ಅಂತ ಅಂಗಡಿಯ ಮುದುಕ ಹೇಳಿದ್ದು ನಿಜ. ಕತ್ತರಿಸಬೇಕು. ಗಂಡ ಒಂದೊಂದೇ ಆನೆಯ ಹೊಟ್ಟೆಯ ಹೊಲಿಗೆ ಬಿಚ್ಚಿ, ಒಳಗಿನಿಂದ ಕಡ್ಡಿ ಕತ್ತರಿಸಿ, ವಾಷರ್ ಕಣ್ಣು ಎರಡನ್ನೂ ಎಣಿಸಿ ಒಂದು ಗಾಜಿನ ಸೀಸೆಗೆ ಹಾಕಿ ಮುಚ್ಚಳ ಬಿಗಿ ಮಾಡುತ್ತ ಹೋದರು. ನಾನು ಹತ್ತಿ ತುಂಬಿ ಹೊಲಿದೆ. ಅತ್ತೆ ಕಣ್ಣು ಹಾಕಿದರು. ಮೂವತ್ತೊಂಬತ್ತು ವರ್ಷ ಮಾಡದ ಕೆಲಸ, ಮೊದಲ ಎರಡು ಆನೆಯ ಕಣ್ಣು ಬಿಚ್ಚಿ ಮತ್ತೆ ಹಾಕಿದರು. ಆಮೇಲೆ ಕೈ ನೆನಪು ಮಾಡಿಕೊಂಡಿತು. ಹೆಣಿಗೆಯ ಒಳಗಿನಿಂದ ದಾರ ತಂದು, ಕರಿಯಲ್ಲಿ ಗುಂಡಗೆ ತುಂಬಿ, ಮೇಲೆ ಬಿಳಿಯ ಒಂದೇ ಹೊಲಿಗೆ, ಬೆಳಕು ಬಿದ್ದ ಹಾಗೆ. ದಾರದ ತುದಿಯನ್ನು ತಲೆಯೊಳಗೆ ಮೂರು ಸಲ ಹಾಯಿಸಿ ಗಂಟು. ಎರಡು ಹಗಲು ಹಿಡಿಯಿತು. ಮಗುವಿನ ಕೆಮ್ಮು ಅಷ್ಟರಲ್ಲಿ ನಿಂತಿತ್ತು, ನೆಗಡಿಯೇ ಅದು.

ಮುಗಿದ ಮೊದಲ ಆನೆಯನ್ನು ಅತ್ತೆ ಮಾವನ ಮುಂದೆ ಇಟ್ಟರು.

"ಎಳೀರಿ."

ಮಾವ ಆನೆಯನ್ನು ಎತ್ತಿಕೊಂಡು, ಬೆರಳಲ್ಲಿ ಕಣ್ಣು ಹುಡುಕಿ, ಉಗುರಿನಿಂದ ಮೀಟಿದರು.

"ಜೋರಾಗಿ. ಮಗು ಎಳೆಯೋ ಹಾಗೆ."

ಅವರು ಎಳೆದರು. ಏನೂ ಬರಲಿಲ್ಲ. ಅತ್ತೆ ಅದನ್ನು ಎತ್ತಿಟ್ಟು ಮುಂದಿನದ್ದಕ್ಕೆ ಸೂಜಿ ಹಿಡಿದರು. ಹಾಗೆ ಇಪ್ಪತ್ತು ಆನೆ, ನಲವತ್ತು ಕಣ್ಣು. ಮಾವ ಒಂದನ್ನೂ ಬಿಡದೆ ಎಳೆದರು. ಕೊನೆಕೊನೆಗೆ ಅವರ ಕೆನ್ನೆಯ ಮೇಲಿಂದ ನೀರು ಇಳಿದು ಆನೆಯ ಬೆನ್ನಿನ ಮೇಲೆ ಬೀಳುತ್ತಿತ್ತು, ಅತ್ತೆ ಅದನ್ನು ಒರೆಸಿ ಬುಟ್ಟಿಗೆ ಹಾಕುತ್ತಿದ್ದರು. ಕೇಂದ್ರದ ಮೇಡಂ ಈ ಕಣ್ಣು ನಿದ್ದೆಗಣ್ಣು ಇದ್ದ ಹಾಗಿದೆಯಲ್ಲ ಅಂತ ಮೂಗು ಮುರಿದರು. ಮಕ್ಕಳು ಮಲಗಲಿ ಅಂತಲೇ ಮೇಡಂ, ನಿಮಗೇ ಅನುಕೂಲ ಅಂದೆ. ನಕ್ಕು ತೆಗೆದುಕೊಂಡರು. ಮೂರು ಕೇಂದ್ರಗಳ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಕೊನೆಯ ಆನೆ ಮುಗಿದ ದಿನ ಊಟದ ಹೊತ್ತಿಗೆ ಮಾವ ಎಂದಿನ ಜಾಗದಲ್ಲಿ ಕೂತರು. ಅತ್ತೆ ಅಡುಗೆಮನೆಯಿಂದ ಅನ್ನದ ಪಾತ್ರೆ ತಂದರು. ತಂದು, ಕ್ಷಣ ನಿಂತು, ನನ್ನ ಕೈಗೆ ಕೊಟ್ಟರು.

"ನಿಮ್ಮ ಮಾವನಿಗೆ ನೀನು ಬಡಿಸು."

ಅದಾಗಿ ಎಂಟು ತಿಂಗಳಾಯಿತು. ಕಪಾಟಿನ ಮೇಲಿನ ಹನ್ನೊಂದಕ್ಕೂ ಈಗ ಕಣ್ಣು ಬಂದಿದೆ. ಮಾವ ಈಗಲೂ ನೆಲ ಸವರಿ ಹೆಕ್ಕುತ್ತಾರೆ, ಆದರೆ ಸಂಜೆ ಜೇಬನ್ನು ಡಬ್ಬಿಗೆ ಸುರಿಯುವುದಿಲ್ಲ, ಅತ್ತೆಯ ಮುಂದೆ ಒಂದು ತಟ್ಟೆಗೆ ಸುರಿಯುತ್ತಾರೆ. ಅತ್ತೆ ಒಂದೊಂದನ್ನೇ ತಿರುಗಿಸಿ ನೋಡಿ, ಸರಿ ಅಂತ ತಟ್ಟೆ ತಳ್ಳುತ್ತಾರೆ. ದಿನಕ್ಕೆ ಅವರಿಬ್ಬರ ನಡುವೆ ಇರುವ ಮಾತು ಅದೊಂದೇ. ಅನ್ನ ನಾನೇ ಬಡಿಸುತ್ತಿದ್ದೇನೆ.